ಕುಷ್ಟಗಿಯ ಒಂದು ಗೋಡೆಗಾಗಿ ಜರ್ಮನಿಗೆ

ಕುಷ್ಟಗಿ, ಹೊರಡುವ ಮುಂಚೆ

ಜನ ವಿದೇಶಕ್ಕೆ ಹಿಮ ನೋಡಲು ಹೋಗುತ್ತಾರೆ, ಹನಿಮೂನಿಗೆ ಹೋಗುತ್ತಾರೆ, ಹೋಗಿಬಂದೆವೆಂದು ಹೇಳಿಕೊಳ್ಳಲು ಹೋಗುತ್ತಾರೆ. ನಾನು ಹೋದದ್ದು ಒಂದು ಗೋಡೆಯ ಜಗಳ ಬಗೆಹರಿಸಲು. ಗೋಡೆ ಇರುವುದು ಕುಷ್ಟಗಿಯಲ್ಲಿ. ಅದರ ಜಗಳ ಜರ್ಮನಿಯಲ್ಲಿ ಏಕೆ ಬಗೆಹರಿಯಬೇಕು ಎಂದು ನೀವು ಕೇಳಬಹುದು. ನಾನೂ ಕೇಳುತ್ತಿದ್ದೆ, ವೀಸಾ ಬಂದ ದಿನ ಕೇಳುವುದನ್ನು ನಿಲ್ಲಿಸಿದೆ.

ಕುಷ್ಟಗಿಯಲ್ಲಿ ಡಾಕ್ಟರ್ ಮೇಡಂ ಒಬ್ಬರದು ಎರಡಂತಸ್ತಿನ ಹೆರಿಗೆ ಆಸ್ಪತ್ರೆ ಇದೆ. ಹಳೆಯ ಕಲ್ಲಿನ ಕಟ್ಟಡ. ಮುಖ ರಸ್ತೆಗೆ, ಅಂದರೆ ಪಶ್ಚಿಮಕ್ಕೆ. ನಮ್ಮ ಅವ್ವ ಅಲ್ಲಿ ಇಪ್ಪತ್ತೆರಡು ವರ್ಷದಿಂದ ನರ್ಸು. ಬೇಸಿಗೆಯ ಮಧ್ಯಾಹ್ನ ಎರಡಾಯಿತೆಂದರೆ ಮೇಲಿನ ವಾರ್ಡಿನ ಕಾಟುಗಳನ್ನು, ಬಾಣಂತಿ ಮಲಗಿದ್ದ ಹಾಗೆಯೇ, ಕಿಟಕಿ ಕಡೆಯಿಂದ ಎಳೆದು ನಡುವಿನ ಪಡಸಾಲೆಗೆ ತರುತ್ತಾರೆ. ಹೊತ್ತು ಮುಳುಗಿದ ಮೇಲೆ ಮತ್ತೆ ಒಳಗೆ ಎಳೆಯುತ್ತಾರೆ. ಆ ಆಸ್ಪತ್ರೆಯಲ್ಲಿ ಹೊಸದಾಗಿ ತಂದೆಯಾದವನು ಮೊದಲು ಮಾಡುವ ಕೆಲಸ ಕೂಸನ್ನು ಎತ್ತಿಕೊಳ್ಳುವುದಲ್ಲ, ಕಾಟು ಎಳೆಯುವುದು.

ಈ ಕಟ್ಟಡಕ್ಕೆ ಈಗ ಹೊಸ ಎಲಿವೇಷನ್ ಬೇಕಾಗಿತ್ತು. ನಮ್ಮ ಸೀಮೆಯಲ್ಲಿ ಕಟ್ಟಡಕ್ಕೆ ಗೋಡೆ ನಾಲ್ಕಿದ್ದರೂ ಮುಖ ಒಂದೇ. ರಸ್ತೆಗೆ ಕಾಣುವ ಆ ಮುಖಕ್ಕೆ ಎಲಿವೇಷನ್ ಎಂದು ಹೆಸರು. ಗಂಗಾವತಿಯ ದೊಡ್ಡ ರಸ್ತೆಯಲ್ಲಿ ನಿಂತು ನೋಡಿ. ಮುಂದೆ ನೀಲಿ ಗಾಜು, ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹಾಳೆ. ಪಕ್ಕದ ಓಣಿಗೆ ತಿರುಗಿದರೆ ಅದೇ ಕಟ್ಟಡ ಗಿಲಾವು ಕಾಣದ ಇಟ್ಟಿಗೆಯಲ್ಲಿ, ನಾಚಿಕೆ ಬಿಟ್ಟು ನಿಂತಿರುತ್ತದೆ. ಒಳಗೆ ಕೂತವರು ಬಿಸಿಲು ತಡೆಯಲಾರದೆ ಆ ಗಾಜಿಗೆ ಹಳೆಯ ಫ್ಲೆಕ್ಸ್ ಬ್ಯಾನರ್ ಅಂಟಿಸಿ, ಕತ್ತಲಾಯಿತೆಂದು ಲೈಟು ಹಚ್ಚಿ, ಸೆಕೆಯಾಯಿತೆಂದು ಏಸಿ ಹಾಕಿ, "ಗ್ಲಾಸಿನಿಂದ ಬೆಳಕು ಛಲೋ ಬರ್ತೈತ್ರಿ" ಎನ್ನುತ್ತಾರೆ.

ಅಂಥ ಗಾಜು ಕೂಡಿಸುವುದರಲ್ಲಿ ಎತ್ತಿದ ಕೈ ಗಂಗಾವತಿಯ ಮೌಲಾಸಾಬರು. ಐವತ್ತು ದಾಟಿದ ಮನುಷ್ಯ, ನಾನು ಚಾಚಾ ಎನ್ನುತ್ತೇನೆ, ಅವರು ನನ್ನನ್ನು ಖುಷಿ ಇದ್ದಾಗ ತಮ್ಮಾ, ಸಿಟ್ಟು ಬಂದಾಗ ಇಂಜಿನಿಯರ್ ಸಾಹೇಬ್ರೇ ಎನ್ನುತ್ತಾರೆ. ಆಸ್ಪತ್ರೆಗೆ ಮುಂದುಗಡೆ ಪೂರ್ತಿ ಗಾಜು ಎಂಬುದು ಅವರ ಪಕ್ಷ. ನಾನು ಕೊಪ್ಪಳದಲ್ಲಿ ಒಂದು ಕೋಣೆಯ ಆಫೀಸಿಟ್ಟು ಕಟ್ಟಡ ವಿನ್ಯಾಸ ಮಾಡುವವನು. ಕಲ್ಲಿನ ಗೋಡೆ ಇರಲಿ, ಅದರ ಮುಂದೆ ಮೂರಡಿ ಬಿಟ್ಟು ತೂತಿನ ಕಲ್ಲಿನ ಜಾಲಿ ನಿಲ್ಲಿಸೋಣ ಎಂಬುದು ನನ್ನ ಪಕ್ಷ. ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಒಂದೇ ದಿನ ಒಂದೇ ವಿಷಯಕ್ಕೆ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಎರಡಕ್ಕೂ ಬಹುಮಾನ ತಂದವನು. ಚಾಚಾ ಎಂಟನೇ ಇಯತ್ತೆ ಓದಿದವರು. ಡಾಕ್ಟರ್ ಮೇಡಂ ಎದುರು ಒಂದು ತಾಸು ವಾದಿಸಿದೆವು, ಸಮ ಆಯಿತು. ನನಗೆ ಅದು ಅವಮಾನ.

ಅದೇ ಹೊತ್ತಿಗೆ ಗಾಜಿನ ಕಂಪನಿಯೊಂದು ಹೆಚ್ಚು ಮಾಲು ಖರ್ಚು ಮಾಡಿದ ಫಿಟ್ಟರುಗಳನ್ನು ಜರ್ಮನಿಗೆ ಕರೆದೊಯ್ಯುವುದಾಗಿ ಹೇಳಿತು. ಕಟ್ಟಡಕ್ಕೆ ಬಿಸಿ ಎಷ್ಟು ಎಂದು ಲೆಕ್ಕ ತೆಗೆದುಕೊಡುವ ಇಂಜಿನಿಯರುಗಳೂ ಅಲ್ಲಿದ್ದರು. ಚಾಚಾಗೆ ಎರಡು ಸೀಟು. ಚಾಚಿ ಬಸ್ಸಿನಲ್ಲೇ ವಾಂತಿ ಮಾಡುವವರು, ವಿಮಾನ ಬೇಡವೇ ಬೇಡ ಎಂದರು. ಡಾಕ್ಟರ್ ಮೇಡಂ ತೀರ್ಪು ಕೊಟ್ಟರು: "ಇಬ್ಬರೂ ಹೋಗ್ರಿ. ಅಲ್ಲಿ ಕಂಪ್ಯೂಟರಿನ್ಯಾಗ ನಮ್ಮ ಗೋಡಿ ಹಾಕಿ ಲೆಕ್ಕ ತೆಗಸ್ರಿ. ಶುಕ್ರವಾರ ಮಧ್ಯಾಹ್ನದೊಳಗ ಇಬ್ಬರೂ ಕೂಡಿ ಒಂದ ಉತ್ತರ ಹೇಳಬೇಕು. ಎರಡು ಉತ್ತರ ಬಂದ್ವು ಅಂದ್ರ ಗ್ಲಾಸ್ ಹಾಕಿಸಿಬಿಡ್ತೀನಿ, ನನಗ ಟೈಮ್ ಇಲ್ಲ."

ಹೀಗೆ, ಕುಷ್ಟಗಿಯ ಬಾಣಂತಿಯರು ಇನ್ನು ಮುಂದೆ ಹೇಗೆ ಬೇಯಬೇಕೆಂದು ನಿರ್ಧರಿಸಲು ನಾವಿಬ್ಬರು ಹೊರಟೆವು.

ಹೈದರಾಬಾದ್ ವಿಮಾನ ನಿಲ್ದಾಣ

ಚಾಚಾರ ಜೇಬಿನಲ್ಲಿ ಸದಾ ಉಕ್ಕಿನ ಅಳತೆ ಟೇಪು ಇರುತ್ತದೆ. ಅದಿಲ್ಲದೆ ಅವರು ನಿಕಾಹಕ್ಕೂ ಹೋಗಿಲ್ಲವಂತೆ. ತಪಾಸಣೆಯ ಯಂತ್ರ ಕೂಗಿತು. ಕಾವಲಿನವನು ಹೊರಗೆ ತೆಗೆಸಿ ಇದೇನೆಂದು ಕೇಳಿದ. ಬಾಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಚಾಚಾ ಟೇಪು ಸರ್ರನೆ ಎಳೆದು ಅವನ ಮೇಜಿನ ಅಗಲ ಅಳೆದು ತೋರಿಸಿದರು. ಮೇಜು ಒಂದು ಕಡೆ ಅರ್ಧ ಇಂಚು ಹೆಚ್ಚಿದೆ ಎಂದೂ ಹೇಳಿದರು. ಇಪ್ಪತ್ತು ನಿಮಿಷ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿದರು.

ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ಊರು ಮಂಗಳೂರು ಎಂದಿದೆ. ತಂಡದ ಮೇಲ್ವಿಚಾರಕ, ಒಬ್ಬ ಪುಣೆಯವನು, ನನಗೆ ಮೀನೂಟ ಬರೆಸಿಬಿಟ್ಟಿದ್ದ. ಯಲಬುರ್ಗಾ ಕಡೆಯ ನಮ್ಮ ಮಂಗಳೂರಿನಲ್ಲಿ ಸಮುದ್ರ ಇಲ್ಲ, ಜೋಳದ ಹೊಲ ಇದೆ ಎಂದು ವಿವರಿಸುವುದರಲ್ಲಿ ವಿಮಾನ ಏರಿತು. ಮೀನು ಬಂತು. ಲಿಂಗಾಯತ ಹೊಟ್ಟೆ ಹಸಿದೇ ಉಳಿಯಿತು. ಚಾಚಾ ಎರಡೂ ತಾಟು ಖಾಲಿ ಮಾಡಿ, ವಿಮಾನದ ಕಿಟಕಿಯ ಅಳತೆ ತೆಗೆದು, ಅದಕ್ಕೆ ಹಚ್ಚಿದ ರಬ್ಬರು ನೋಡಿ ಮೆಚ್ಚಿಕೊಂಡು ಮಲಗಿದರು.

ಮ್ಯೂನಿಕ್

ಹೋಟೆಲು ಒಂದು ಸಾಧಾರಣ ಓಣಿಯಲ್ಲಿತ್ತು. ಮೂರನೇ ಮಹಡಿಯ ನಮ್ಮ ಕೋಣೆಯಿಂದ ಎದುರಿನ ಮನೆಗಳೆಲ್ಲ ಕಾಣುತ್ತಿದ್ದವು. ಪ್ರತಿ ಕಿಟಕಿಗೂ ಹೊರಗಡೆ ಪಟ್ಟಿಪಟ್ಟಿಯ ಸುರುಳಿ ಶಟರು. ಚಾಚಾ ಬಹಳ ಹೊತ್ತು ನೋಡಿ ಸಣ್ಣ ದನಿಯಲ್ಲಿ ಎಚ್ಚರಿಸಿದರು: "ತಮ್ಮಾ, ಪಾಸ್‌ಪೋರ್ಟ್ ತಲಿದಿಂಬಿನ ಕೆಳಗ ಇಟ್ಟುಕೋ. ಈ ಊರಾಗ ಕಳ್ಳರು ಭಾಳ ಅದಾರ. ಮೂರನೇ ಮಾಳಿಗಿಗೂ ಶಟರ್ ಹಾಕ್ಯಾರ ನೋಡು."

ಗಂಗಾವತಿಯಲ್ಲಿ ಶಟರು ಇರುವುದು ಅಂಗಡಿಗೆ. ಅದು ಇಳಿಯುವುದು ಎರಡೇ ಸಲ: ವ್ಯಾಪಾರ ಮುಗಿದಾಗ, ಕಲ್ಲು ಬಿದ್ದಾಗ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಎದುರಿನ ಸಾಲಿಗೆ ಬಿಸಿಲು ತಾಗಿತು. ಒಂದಾದ ಮೇಲೊಂದು ಶಟರು ಗಡಗಡನೆ ಇಳಿದವು. ಮುದುಕಿಯೊಬ್ಬಳು ಇಳಿಸಿದಳು, ಒಬ್ಬ ಹಲ್ಲುಜ್ಜುತ್ತಲೇ ಇಳಿಸಿದ. ಚಾಚಾ ಚಪ್ಪಲಿ ಮೆಟ್ಟಿಕೊಂಡು ಎದ್ದರು. "ಬಂದ್ ಐತೇನು ಇವತ್ತ? ಬಸ್ಸು ಬಿಡ್ತಾರೋ ಇಲ್ಲೋ ಕೇಳು." ಅವರನ್ನು ಕೆಳಗೆ ಕರೆದೊಯ್ದು ರಸ್ತೆಯಲ್ಲಿ ಶಾಂತವಾಗಿ ಸೈಕಲ್ ಹೊಡೆಯುತ್ತಿದ್ದವರನ್ನು ತೋರಿಸಬೇಕಾಯಿತು. ಕೌಂಟರಿನ ಹೆಂಗಸು ವಿವರಿಸಿದಳು: ಬೇಸಿಗೆ ಬಂದಿದೆಯಲ್ಲ, ಬಿಸಿಲು ಗಾಜು ಮುಟ್ಟುವ ಮೊದಲೇ ತಡೆಯುತ್ತೇವೆ. ಅವರ ಬೇಸಿಗೆ ಎಂದರೆ ನಮ್ಮ ಸಂಕ್ರಾಂತಿಗಿಂತ ಒಂದು ಹಿಡಿ ಜಾಸ್ತಿ. ಅಷ್ಟಕ್ಕೇ ಈ ಗಾಬರಿ.

ಒಳಗೆ ಪರದೆ ಹಾಕಿದರೆ ಸಾಲದೇ ಎಂದು ನಾನು ವಾದ ಹೂಡಿದೆ. ಅವಳು ನನ್ನನ್ನು ಅನ್ನ ಬೇಯುವ ಮೊದಲೇ ಉಪ್ಪಿನಕಾಯಿ ಕೇಳಿದವನಂತೆ ನೋಡಿ ಬೀಗದ ಕೈ ಒರೆಸತೊಡಗಿದಳು. ಇಲ್ಲಿಯ ಜನರ ಈ ಅಭ್ಯಾಸ ನನಗೆ ಕೊನೆಯವರೆಗೂ ಒಗ್ಗಲಿಲ್ಲ. ವಾದಕ್ಕೆ ಕರೆದರೆ ಬರುವುದಿಲ್ಲ. ತಮಗೆ ಗೊತ್ತಿರುವುದನ್ನು ಒಮ್ಮೆ ಹೇಳುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ. ನಮ್ಮಲ್ಲಿ ಸುಮ್ಮನಾದವನು ಸೋತ ಹಾಗೆ ಲೆಕ್ಕ. ಇಲ್ಲಿ ಅವರು ಸುಮ್ಮನಾದಾಗೆಲ್ಲ ನಾನೇ ಸೋತಂತಾಗುತ್ತಿತ್ತು.

ಅಂದೇ ಸಂಜೆ ಕಿಟಕಿಯ ಪ್ರಕರಣ ನಡೆಯಿತು. ಇಲ್ಲಿಯ ಕಿಟಕಿ ಹಿಡಿಕೆಯನ್ನು ಅಡ್ಡ ತಿರುಗಿಸಿದರೆ ಬಾಗಿಲಿನಂತೆ ತೆರೆಯುತ್ತದೆ, ಮೇಲಕ್ಕೆ ತಿರುಗಿಸಿದರೆ ತಲೆಯಷ್ಟೇ ಒಳಗೆ ವಾಲುತ್ತದೆ. ಚಾಚಾ ಕಾಲು ಶತಮಾನ ಕಿಟಕಿ ಕೂಡಿಸಿದವರು, ಕೇಳುವ ಪೈಕಿ ಅಲ್ಲ. ತೆರೆದಿದ್ದಾಗಲೇ ಹಿಡಿಕೆ ಮೇಲೆ ತಿರುಗಿಸಿದರು. ಇಡೀ ಕಿಟಕಿ ಒಂದು ಮೂಲೆಯಿಂದ ಕಳಚಿ ಅವರ ಎದೆಯ ಮೇಲೆ ಒರಗಿತು. ಮೂರು ಪದರ ಗಾಜು, ಭಾರ ಹೇಳತೀರದು. ನಾನು ಓಡಿಹೋಗಿ ಇನ್ನೊಂದು ಮಗ್ಗುಲು ಹಿಡಿದೆ. ಫೋನು ಮೇಜಿನ ಮೇಲೆ, ನಮ್ಮ ನಾಲ್ಕೂ ಕೈ ಕಿಟಕಿಯ ಮೇಲೆ. ಹಾಗೆಯೇ ಅರ್ಧ ತಾಸು ನಿಂತೆವು. ಆ ಅರ್ಧ ತಾಸಿನಲ್ಲೂ ಚಾಚಾ ಚೌಕಟ್ಟಿನ ಒಳಗಣ ರಬ್ಬರು ಪಟ್ಟಿಗಳನ್ನು ಎಣಿಸಿ, "ಮೂರು ಸುತ್ತು ಹಾಕ್ಯಾರ ಮಕ್ಕಳು. ನಾವು ಒಂದರಾಗ ಮುಗಿಸ್ತೀವಿ" ಎಂದು ಮರುಗಿದರು. ಟವೆಲು ಬದಲಿಸಲು ಬಂದ ಹೆಂಗಸು ನಮ್ಮನ್ನು ಸರಿಸಿ, ಒಂದೇ ಕೈಯಿಂದ ತಳ್ಳಿ, ಹಿಡಿಕೆ ತಿರುಗಿಸಿ, ಹೊರಟುಹೋದಳು. ಒಂದು ಮಾತೂ ಆಡಲಿಲ್ಲ. ನಾನು ಆಗಲೇ ಹೇಳಿದೆನಲ್ಲ.

ಗಾಜಿನ ಕಂಪನಿಯ ಊರು

ಊರಿನ ಹೆಸರು ಹೇಳುವುದಿಲ್ಲ, ಕಂಪನಿಯವರು ಊಟ ಚೆನ್ನಾಗಿ ಹಾಕಿದ್ದಾರೆ. ಬಸ್ಸಿನಲ್ಲಿ ಎರಡು ತಾಸು. ತಂಡದ ಉಳಿದ ಫಿಟ್ಟರುಗಳು ಕಾರ್ಖಾನೆಯ ಗೇಟಿನ ಮುಂದೆ ಫೋಟೊ ತೆಗೆಸಿಕೊಂಡು ಪ್ರವಾಸದ ಉದ್ದೇಶ ಈಡೇರಿತೆಂದು ನೆರಳಿಗೆ ಕೂತರು.

ಹಿಂದಿನ ಅಂಗಳದಲ್ಲಿ ಒಂದು ವಿಚಿತ್ರ ಕಂಡೆವು. ಕಟ್ಟಡವೇ ಇಲ್ಲ, ಕಟ್ಟಡದ ಮುಖ ಮಾತ್ರ ಇದೆ. ಎರಡಂತಸ್ತಿನ ಎತ್ತರ, ಹಿಂದೆ ಖಾಲಿ. ಗಂಗಾವತಿಯಲ್ಲಿ ಇದನ್ನೇ ಮಾಡುತ್ತೇವೆ, ಆದರೆ ಹಿಂದೆ ಬಾಡಿಗೆಗೆ ಜನರನ್ನೂ ಇಡುತ್ತೇವೆ. ಇಲ್ಲಿ ಅದು ಪರೀಕ್ಷೆಗೆ. ಎದುರಿಗೆ ವಿಮಾನದ ಪಂಖದಂಥದೊಂದು ಯಂತ್ರ ಆ ಮುಖಕ್ಕೆ ಗಾಳಿ ಮಳೆ ಎರಡನ್ನೂ ಬಾರಿಸುತ್ತಿತ್ತು. ಒಳಗಡೆ ಒಬ್ಬ ಟಾರ್ಚು ಹಿಡಿದು ಒಂದು ಹನಿಯಾದರೂ ಬಂತೇ ಎಂದು ಹುಡುಕುತ್ತಿದ್ದ. ಕಟ್ಟುವ ಮೊದಲೇ ಸೋರಿಸಿ ನೋಡುತ್ತಾರೆ. ನಮ್ಮಲ್ಲಿ ಪರೀಕ್ಷೆ ಮಾಡುವುದು ಮೊದಲ ಮಳೆ, ಟಾರ್ಚು ಹಿಡಿಯುವುದು ಮನೆ ಯಜಮಾನನ ಅತ್ತೆ, ಬೈಸಿಕೊಳ್ಳುವುದು ಮೌಲಾಸಾಬರು.

ಚಾಚಾ ತಲೆದೂಗುತ್ತಿದ್ದರು. ನಾನು ಬೇರೊಂದನ್ನು ಗಮನಿಸಿದೆ. ಗಾಜನ್ನೇ ಮಾರಿ ಬದುಕುವ ಕಂಪನಿಯ ಲೆಕ್ಕದ ಇಂಜಿನಿಯರುಗಳು ಕೂರುವ ಕಚೇರಿ ಇಟ್ಟಿಗೆಯದು. ಹಳೆಯದು, ದಪ್ಪ ಗೋಡೆ, ಅಳತೆಯ ಕಿಟಕಿ, ಎಲ್ಲದಕ್ಕೂ ಹೊರಗಡೆ ಶಟರು. ಗಾಜಿನ ಹೊಳೆಯುವ ಕಟ್ಟಡ ಇತ್ತು, ಅದರಲ್ಲಿ ನಮ್ಮಂಥ ಗಿರಾಕಿಗಳನ್ನು ಕೂಡಿಸಿ ಜ್ಯೂಸು ಕೊಡುತ್ತಿದ್ದರು. ನನಗೆ ಬೇಕಾದ ಸಾಕ್ಷಿ ಸಿಕ್ಕಿತು. ಚಾಚಾಗೆ ತೋರಿಸಿ, "ಮಿಠಾಯಿ ಮಾರೋನು ಮಿಠಾಯಿ ತಿನ್ನವಲ್ಲ, ಯಾಕಂತ ಕೇಳ್ರಿ" ಎಂದೆ. "ಸಕ್ಕರಿ ರೋಗ ಇರಬೇಕು" ಎಂದರು ಅವರು, ಜ್ಯೂಸು ಮುಗಿಸುತ್ತ.

ಉರ್ಸುಲಾ ಅವರ ಕೋಣೆ

ಲೆಕ್ಕ ಮಾಡಿದವರು ಉರ್ಸುಲಾ ಎಂಬ ಇಂಜಿನಿಯರು. ನಮ್ಮ ಅವ್ವನ ವಯಸ್ಸು, ಕತ್ತರಿಸಿದ ಕೂದಲು, ಕನ್ನಡಕ ದಾರಕ್ಕೆ ಕಟ್ಟಿತ್ತು. ಗುರುವಾರ ಮಧ್ಯಾಹ್ನ ನಮ್ಮಿಬ್ಬರನ್ನೇ ಕರೆದು ಪರದೆಯ ಮೇಲೆ ಕುಷ್ಟಗಿಯ ಆಸ್ಪತ್ರೆ ತೋರಿಸಿದರು. ಡಾಕ್ಟರ್ ಮೇಡಂ ಸಹಿ ಮಾಡಿ ಕಳಿಸಿದ್ದ ನನ್ನದೇ ನಕ್ಷೆ, ಈಗ ಬಣ್ಣಬಣ್ಣದಲ್ಲಿ. ತಂಪಿದ್ದಲ್ಲಿ ನೀಲಿ, ಕಾದಲ್ಲಿ ಕೆಂಪು. ಗಾಜು ಹಾಕಿದ ಮುಂಭಾಗದ ಗೋಡೆ ಬೇಸಿಗೆಯಲ್ಲೂ ತಿಳಿ ನೀಲಿಯಾಗಿತ್ತು. ಗಾಜು ತೊಂದರೆ ಮಾಡುವುದಿಲ್ಲ ಎಂದರು ಉರ್ಸುಲಾ. ಇಂಗ್ಲಿಷು ಅಷ್ಟಕ್ಕಷ್ಟೇ ಆದರೂ ಚಾಚಾಗೆ ನೀಲಿ ಅರ್ಥವಾಯಿತು. ನನ್ನ ಬೆನ್ನು ತಟ್ಟಿದರು.

ನಾನು ಎದ್ದು ನಿಂತೆ. ಎದ್ದು ನಿಲ್ಲುವ ಅಗತ್ಯ ಇರಲಿಲ್ಲ, ರೂಢಿ. ಹವಾಮಾನದ ಲೆಕ್ಕ ಎಲ್ಲಿಯದು? ಬಳ್ಳಾರಿ ಕಡೆಯದು ಎಂದರು. ಧೂಳು ಕೂತ ಗಾಜಿಗೆ ಇದೇ ಫಲವೇ? ಹೌದು, ಸ್ವಲ್ಪ ಫರಕು ಎಂದರು. ಗಾಜು ಮಾರುವ ಕಂಪನಿ ಗಾಜಿನ ಪರೀಕ್ಷೆ ಮಾಡುವುದು ಯಾವ ನ್ಯಾಯ? ತಪ್ಪು ಲೆಕ್ಕ ಕೊಟ್ಟರೆ ಕೋರ್ಟಿಗೆ ಹೋಗಬೇಕಾಗುವುದು ಕಂಪನಿಯೇ ಎಂದರು. ಒಂದೊಂದಕ್ಕೂ ಒಂದೊಂದೇ ವಾಕ್ಯ. ಆಗ ನಾನು ಕೊನೆಯ ಅಸ್ತ್ರ ತೆಗೆದೆ. ಕಾಟುಗಳ ಕಥೆ ಹೇಳಿದೆ. ಮಧ್ಯಾಹ್ನ ಎರಡಕ್ಕೆ ಬಾಣಂತಿಯರನ್ನು ಎಳೆಯುವುದು, ಕಲ್ಲಿನ ಗೋಡೆಯೇ ಮುಟ್ಟಲಾರದಷ್ಟು ಕಾಯುವುದು. ಚರ್ಚಾಸ್ಪರ್ಧೆಯ ಕೊನೆಯ ನಿಮಿಷದಂತೆ ದನಿ ಇಳಿಸಿದೆ, ಅರ್ಧ ನಿಜವಾಗಿಯೇ.

ಉರ್ಸುಲಾ ಕನ್ನಡಕ ಇಳಿಸಿದರು. "ಮಧ್ಯಾಹ್ನ ಎರಡಕ್ಕೆ, ಉತ್ತರದ ಗೋಡೆ ಕಾಯುತ್ತದೆಯೇ?"

ಉತ್ತರವಲ್ಲ, ಪಶ್ಚಿಮ ಎಂದೆ.

ಅವರು ನಕ್ಷೆಯನ್ನು ದೊಡ್ಡದು ಮಾಡಿ ಮೂಲೆಯಲ್ಲಿದ್ದ ದಿಕ್ಕಿನ ಬಾಣದ ಮೇಲೆ ಬೆರಳಿಟ್ಟರು. ಬಾಣ ರಸ್ತೆಯ ಕಡೆಗೆ ನೆಟ್ಟಗೆ ನಿಂತು, ಉತ್ತರ ಇತ್ತಲಿದೆ ಎನ್ನುತ್ತಿತ್ತು. ಕೆಳಗೆ ನನ್ನ ಸಹಿ.

ಇಲ್ಲಿ ನಿಮಗೆ ಹೇಳದೆ ಬಿಟ್ಟ ಒಂದು ವಿಷಯ ಹೇಳಬೇಕು. ಬಿಟ್ಟದ್ದು ಮರೆತಲ್ಲ, ಅದನ್ನು ನಾನು ತಪ್ಪೆಂದು ಎಣಿಸಿರಲಿಲ್ಲ, ಜಾಣತನ ಎಂದು ಎಣಿಸಿದ್ದೆ. ನಕ್ಷೆ ತಯಾರಾದಾಗ ಡಾಕ್ಟರ್ ಮೇಡಂ ಅದನ್ನು ಕೊಪ್ಪಳದ ವಾಸ್ತು ಪಂಡಿತರೊಬ್ಬರಿಗೆ ತೋರಿಸಿ ತರಲು ಹೇಳಿದ್ದರು. ಎಂಬಿಬಿಎಸ್ ಓದಿದವರು ವಾಸ್ತು ಕೇಳುವುದೇ ಎಂದು ನನಗೆ ಮೈಯೆಲ್ಲ ಉರಿದಿತ್ತು. ಆ ಪಂಡಿತರು ಜಾಗಕ್ಕೆ ಬರುವುದಿಲ್ಲ, ಕಾಗದ ನೋಡಿ ಹೇಳುತ್ತಾರೆ. ಬಾಗಿಲು ಪಶ್ಚಿಮಕ್ಕಿದೆ ಎಂದು ಕಂಡರೆ ಉತ್ತರಕ್ಕೆ ಒಡೆಯಿರಿ ಎನ್ನುವುದು ಖಚಿತ. ಉತ್ತರದ ಗೋಡೆಯ ಹಿಂದೆ ಆಪರೇಷನ್ ಥೇಟರು. ಗೋಡೆ ಒಡೆಯುವುದಕ್ಕಿಂತ ಬಾಣ ತಿರುಗಿಸುವುದು ಸುಲಭ; ನಾನು ಕಾಲು ಸುತ್ತು ತಿರುಗಿಸಿದೆ. ಪಂಡಿತರು "ದೋಷವಿಲ್ಲ" ಎಂದು ಮುದ್ರೆ ಒತ್ತಿದರು. ಮೂಢನಂಬಿಕೆಯ ಮೇಲೆ ನನ್ನ ಈ ವಿಜಯವನ್ನು ಕೊಪ್ಪಳದ ಚಹಾದಂಗಡಿಯಲ್ಲಿ ಎಷ್ಟು ಸಲ ವರ್ಣಿಸಿದ್ದೇನೋ. ಮುದ್ರೆ ಬಿದ್ದ ಅದೇ ನಕ್ಷೆಯನ್ನು ಮೇಡಂ ಸಹಿ ಹಾಕಿ ಜರ್ಮನಿಗೆ ಕಳಿಸಿದ್ದರು. ಪಂಡಿತರು ಮೋಸ ಹೋದರು, ಸರಿ. ಕಂಪ್ಯೂಟರೂ ಮೋಸ ಹೋಯಿತು. ಇಬ್ಬರೂ ಕಾಗದವನ್ನು ನಂಬಿದ್ದರು.

ಉರ್ಸುಲಾಗೆ ನಕ್ಷೆಯಲ್ಲಿ ಸಣ್ಣ ತಪ್ಪಾಗಿದೆ, ದಿಕ್ಕು ಬದಲಿಸಿ ಮತ್ತೆ ಲೆಕ್ಕ ಹಾಕಿ ಎಂದೆ. ಅವರು ತಲೆಯಾಡಿಸಿದರು, ಅಡ್ಡಕ್ಕೆ. ತಮ್ಮ ಬಳಿ ಇರುವುದು ಮಾಲೀಕರು ಸಹಿ ಮಾಡಿದ ನಕ್ಷೆ. ರಸ್ತೆಯ ಕಡೆ ಪಶ್ಚಿಮ ಎಂದು ಮಾಲೀಕರೇ ಒಂದು ಸಾಲು ಬರೆದು ಕಳಿಸಲಿ, ನಾಳೆ ಏಳಕ್ಕೆ ಬಂದು ಲೆಕ್ಕ ಹಾಕುತ್ತೇನೆ. ಇಲ್ಲದಿದ್ದರೆ ಇಂದಿನದೇ ವರದಿ.

ಕಾರ್ಖಾನೆಯ ಎದುರಿನ ಬೆಂಚು

ಚಾಚಾ ಬೆಂಚಿನ ಮೇಲೆ ನನ್ನ ಪಕ್ಕ ಕೂತು ಏನಾಯಿತೆಂದು ಕೇಳಿದರು. ಹೇಳಿದೆ. ಅವರು ಬಹಳ ಹೊತ್ತು ನಕ್ಕರು.

"ನೀವಾದ್ರೂ ನೋಡಬೇಕಿತ್ತಲ್ಲ ಚಾಚಾ, ಬಾಣ ತಿರುವಿದ್ದು" ಎಂದೆ.

"ನನಗ್ಯಾಕ ಬೇಕಪ್ಪ ಬಾಣ. ರೋಡ್ ಯಾ ಕಡೆ ಐತಿ ಅಷ್ಟ ನೋಡೋ ಮಂದಿ ನಾವು." ಆಮೇಲೆ ನಗು ನಿಲ್ಲಿಸಿದರು. "ಹೇಳ್ದಿದ್ರ ಏನಾಗ್ತೈತಿ?"

ಹೇಳದಿದ್ದರೆ ವರದಿ ನೀಲಿಯಾಗಿಯೇ ಹೋಗುತ್ತದೆ. ಗಾಜು ಬರುತ್ತದೆ, ಕೆಲಸ ಚಾಚಾದು. ನಕ್ಷೆ ಮಾಡುವವನಾಗಿ ನಾನೂ ಉಳಿಯುತ್ತೇನೆ. ಹೇಳಿದರೆ, ಪಂಡಿತರ ಮುದ್ರೆ ನಂಬಿದ ಮೇಡಂ ಎದುರು ನಾನು ಕಳ್ಳ.

ಚಾಚಾ ಟೇಪು ಹೊರತೆಗೆದು ಸುಮ್ಮನೆ ಬೆಂಚಿನ ಅಂಚು ಅಳೆದರು. "ನನ್ನ ಹೆಂಡತಿ ತವರುಮನಿ ಕುಷ್ಟಗಿ. ಎರಡೂ ಹೆರಿಗಿ ಅದ ಮ್ಯಾಲಿನ ವಾರ್ಡಿನ್ಯಾಗ ಆದ್ವು. ಎರಡನೇದು ಏಪ್ರಿಲ್‌ದಾಗ. ತಿಂಗಳು ನೋಡಿ ಮಾಡಾಕ ಬರ್ತಿದ್ದಿಲ್ಲೇನು ಅಂತ ಆಕಿ ಇನ್ನೂ ಬೈತಾಳ ನನಗ." ಟೇಪು ಒಳಗೆ ಹೋಯಿತು. "ಫೋನ್ ಹಚ್ಚು."

ಮುದ್ರಣದ ತಪ್ಪು ಎನ್ನಲು ನಿರ್ಧರಿಸಿದ್ದೆ. ಮೂರು ಸಮಜಾಯಿಷಿ ಸಿದ್ಧವಾಗಿದ್ದವು. ಮೇಡಂ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು.

"ಪಂಡಿತ್ರು ನೋಡಿ ಮುದ್ರಿ ಹಾಕಿದ ನಕ್ಷಾ ಅದು. ಅದರಾಗ ದಿಕ್ಕು ಹ್ಯಾಂಗ ತಪ್ಪತೈತಿ?"

ಪಂಡಿತರ ಮೇಲೆ ಹಾಕಬಹುದಿತ್ತು. ಆ ಮನುಷ್ಯನನ್ನು ನಾನು ಎಂದೂ ಗೌರವಿಸಿದವನಲ್ಲ, ನಾಲಿಗೆ ಆಗಲೇ ಅರ್ಧ ಎದ್ದಿತ್ತು. ಪಕ್ಕದಲ್ಲಿ ಚಾಚಾ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಬಾಣ ನಾ ತಿರುಗಿಸಿದೆ ಮೇಡಂ. ಬಾಗಲಾ ಒಡಿಸ್ತಾರ ಅಂತ."

ಆ ಕಡೆ ಯಾವುದೋ ಕೂಸು ಅಳುವುದು ಕೇಳಿಸಿತು.

"ಹೆರಿಗಿಗೆ ಬಂದೋರ ಮನಿ ಹಿರೇರು ಬಾಗಲಾ ನೋಡಿ ಕೇಳ್ತಾರ, ತೋರಿಸೀರೇನ್ರಿ ಅಂತ. ತೋರಿಸೀವಿ, ದೋಷ ಇಲ್ಲಂದಾರ ಅಂತ ನಾ ಹೇಳಕೋತ ಬಂದೀನಿ. ನಾ ನಂಬತೀನೋ ಇಲ್ಲೋ, ಅದು ಬ್ಯಾರೆ ಮಾತು ಶಿವಾನಂದ. ನೀ ನನ್ನ ಬಾಯಿಲೆ ಸುಳ್ಳು ಹೇಳಿಸಿದಿ."

ವಿಜ್ಞಾನದ ಪ್ರಕಾರ ನೋಡಿದರೆ ಎಂದು ನಾನು ಶುರು ಮಾಡಿದೆ. ಏಕೆ ಮಾಡಿದೆನೋ.

"ವಿಜ್ಞಾನ ನನಗ ಹೇಳಬ್ಯಾಡ. ನಿನ್ನ ಬಾಣಾನೂ ವಿಜ್ಞಾನ ಆಗಿದ್ದಿಲ್ಲ." ದನಿ ಏರಿರಲಿಲ್ಲ. "ಪಶ್ಚಿಮ ಅಂತ ಮೇಲ್ ಈಗ ಕಳಿಸ್ತೀನಿ. ನಾಳೆ ಉತ್ತರಾ ಮೌಲಾಸಾಬ್ರು ಹೇಳ್ಲಿ. ಮುಂದಿನ ಕೆಲಸಾನೂ ಅವರ ನೋಡ್ಕೊಳ್ಲಿ. ನೀ ಬ್ಯಾಡ. ನಿಮ್ಮವ್ವಗ ನಾ ಏನೂ ಹೇಳೂದಿಲ್ಲ, ನೀನ ಹೇಳು."

ಶುಕ್ರವಾರ

ಉರ್ಸುಲಾ ಏಳಕ್ಕೆ ಬಂದರು, ಏಳಕ್ಕೆ ಎಂದರೆ ಏಳಕ್ಕೇ. ಬಾಣ ತಿರುಗಿತು. ಪರದೆಯ ಮೇಲೆ ನಮ್ಮ ಮೇಲಿನ ವಾರ್ಡು ಕೆಂಡದ ಒಲೆಯಂತಾಯಿತು. ಗಾಜಿನ ಒಳಗೆ ಪರದೆ ಬಿಟ್ಟು ನೋಡಿದರು, ಕೆಂಪು. ದುಬಾರಿ ಗಾಜು ಹಾಕಿ ನೋಡಿದರು, ಸ್ವಲ್ಪ ತಿಳಿ ಕೆಂಪು. ನಾನು ಗೆದ್ದ ಮುಖ ಮಾಡಿಕೊಂಡು ನನ್ನ ಕಲ್ಲಿನ ಜಾಲಿ ಹಾಕಿ ಎಂದೆ. ಹಾಕಿದರು. ಹಳದಿ. ಜಾಲಿಯೇ ಸಂಜೆಯವರೆಗೆ ಕಾದು ಗೋಡೆಗೆ ಬಿಸಿ ಉಸುರುತ್ತದೆ, ವಾರ್ಡು ಹಗಲಲ್ಲೇ ಕತ್ತಲಾಗುತ್ತದೆ, ಮೇಲಾಗಿ ನಡುವಿನ ಮೂರಡಿಯಲ್ಲಿ ಕಸ ಯಾರು ಗುಡಿಸುತ್ತಾರೆ ಎಂದು ಕೇಳಿದರು. ಕಸ ಎಂಬ ಪದ ನನ್ನ ಹನ್ನೆರಡು ಪುಟದ ಪ್ರಸ್ತಾಪದಲ್ಲಿ ಎಲ್ಲಿಯೂ ಇರಲಿಲ್ಲ.

ಕೊನೆಗೆ ಅವರೇ ಹಳೆಯ ಕಲ್ಲುಗೋಡೆ ಹಾಗೆಯೇ ಬಿಟ್ಟು, ಕಿಟಕಿಗಳಿಗೆ ಹೊರಗಡೆ ಪಟ್ಟಿಯ ಶಟರು ಇಳಿಸಿ, ಛಾವಣಿಯ ಮೇಲೆ ಬಿಸಿ ತಡೆಯುವ ಪದರ ಹಾಕಿ ಬಿಳಿ ಬಳಿದರು. ನೀಲಿ. ನೀವಿಬ್ಬರೂ ಮುಖಕ್ಕಾಗಿ ಜಗಳಾಡಿದ್ದೀರಿ, ಅರ್ಧ ಬಿಸಿ ತಲೆಯ ಮೇಲಿಂದ ಬರುತ್ತಿದೆ ಎಂದರು. ಆಮೇಲೆ ಸುಮ್ಮನಾದರು.

ಕುಷ್ಟಗಿಯಲ್ಲಿ ಮಧ್ಯಾಹ್ನಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಚಾಚಾ ಫೋನು ಹಚ್ಚಿದರು. ಗಾಜೇ ಚಾಚಾರ ಅನ್ನ. ಅವರು ಏನು ಬೇಕಾದರೂ ಹೇಳಬಹುದಿತ್ತು, ನಾನಂತೂ ಬಾಯಿ ಬಿಡುವಂತಿರಲಿಲ್ಲ. "ಗ್ಲಾಸ್ ಬ್ಯಾಡ್ರಿ ಮೇಡಂ. ಮ್ಯಾಲೆ ಛತ್ತಿಗೆ ಮಾಡಿಸ್ರಿ, ಹೊರಗ ಶಟರ್ ಹಾಕೋಣು. ಇದು ನಮ್ಮ ಇಬ್ಬರದೂ ಉತ್ತರ ಐತಿ, ಒಂದ ಐತಿ" ಎಂದರು. ಫೋನು ಇಟ್ಟವರೇ ಉರ್ಸುಲಾ ಅವರ ಕಿಟಕಿಯಿಂದ ಹೊರಗೆ ಬಾಗಿ ಶಟರಿನ ಪಟ್ಟಿಯ ದಪ್ಪ ಅಳೆಯತೊಡಗಿದರು. ಗಂಗಾವತಿಯ ದೊಡ್ಡ ರಸ್ತೆಗೆ ಇನ್ನೊಂದು ವರ್ಷದಲ್ಲಿ ಏನು ಕಾದಿದೆ ಎಂದು ನನಗೆ ಆಗಲೇ ಕಂಡಿತು. ಉಳಿದ ಮೂರೂ ಕಡೆ ಬಿಟ್ಟು ಮುಂದುಗಡೆ ಮಾತ್ರ ಶಟರು, ಬಿಸಿಲು ಇರಲಿ ಬಿಡಲಿ.

ನಾನು ಹೊರಗೆ ಬಂದು ಅವ್ವನಿಗೆ ಫೋನು ಮಾಡಿದೆ. ಊಟಕ್ಕೆ ಕೂತಿದ್ದಳು. ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದೆ. ಬಾಣ, ಪಂಡಿತರು, ಮೇಡಂ ಅಂದದ್ದು.

"ಗ್ಲಾಸ್ ಬರೂದಿಲ್ಲಲ್ಲ?" ಎಂದು ಕೇಳಿದಳು.

ಬರುವುದಿಲ್ಲ ಎಂದೆ.

"ಛಲೋ ಆತು."

ನಾನು ಉಸಿರು ಬಿಟ್ಟೆ. ಬಿಟ್ಟದ್ದು ಬೇಗವಾಯಿತು.

"ಶಿವು, ಇಪ್ಪತ್ತೆರಡು ವರ್ಷದಾಗ ಮೇಡಮ್ಮಾರು ನಾ ಹೇಳಿದ್ದನ್ನ ಎರಡನೇ ಸಲ ಕೇಳಿಲ್ಲ. ಸೂಜಿ ಮಾಡೀಯೇನು ಅಂತಾರ, ಮಾಡೀನ್ರಿ ಅಂತೀನಿ, ಮುಗೀತು. ನಾಳಿಂದ ನಾ ಮಾಡೀನ್ರಿ ಅಂದಾಗ ಒಂದು ಗಳಿಗಿ ನನ್ನ ಮಾರಿ ನೋಡ್ತಾರಲ್ಲ, ಅದಕ್ಕ ನಾ ಏನು ಮಾಡ್ಲಿ?"

ಅವ್ವ ಕಾದಳು. ಹಂಗಿಸಲು ಕೇಳಿದ್ದಲ್ಲ. ಓದಿದ ಮಗನಿಗೆ ಗೊತ್ತಿದ್ದೀತು ಎಂದು ಕೇಳಿದ್ದಳು. ಚರ್ಚಾಸ್ಪರ್ಧೆಯಲ್ಲಿ ಮಾತು ತೋಚದೆ ನಿಂತವನನ್ನು ಯಾರಾದರೂ ಗಂಟೆ ಬಾರಿಸಿ ಕೂಡಿಸುತ್ತಿದ್ದರು. ನಾನು ಫೋನು ಹಿಡಿದುಕೊಂಡು ನಿಂತೇ ಇದ್ದೆ. ಅವಳೂ ಇಡಲಿಲ್ಲ.